ಹೂಂಗುಟ್ಟುವಷ್ಟು ಜಾಗ

ಬೆಳಕಿನ್ನೂ ಬೀದಿಗೆ ಪೂರ್ತಿ ಇಳಿದಿಲ್ಲ. ಮಾರುಕಟ್ಟೆ ಕಟ್ಟಡದ ಮೆಟ್ಟಿಲ ಕೆಳಗಿನ ಗೂಡಂಗಡಿಯ ಶಟರ್ ಅರ್ಧ ಎದ್ದಿದೆ. ಎಂಥ ದೊಡ್ಡ ಮನುಷ್ಯರೇ ಆಗಲಿ, ಒಳಗೆ ಬರಬೇಕಾದರೆ ತಲೆ ಬಾಗಲೇಬೇಕು. ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಬೇಕು, ಮೂರನೆಯವರಿಗೆ ಮೆಟ್ಟಿಲೇ ಗತಿ. ಗೋಡೆಯ ತುಂಬ ಗಡಿಯಾರಗಳು, ನಡೆಯುವವು ಕೆಲವು, ನಿಂತವು ಹಲವು. ಬೆಂಚಿನ ಎಡಗಡೆ ಚಿಮಟ, ಸಣ್ಣ ಸ್ಕ್ರೂಡ್ರೈವರುಗಳು, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ. ಬಲಗಡೆ ಕಂಪ್ಯೂಟರ್ ಮತ್ತು ಎರಡು ಪುಟ್ಟ ಸ್ಪೀಕರ್. ಊರೆಲ್ಲ ‘ಗಡಿಯಾರದಕ್ಕ’ ಎಂದು ಕರೆಯುವ ಹೆಂಗಸು ಬೆಂಚನ್ನು ಒರೆಸಿ, ಅದಕ್ಕೊಮ್ಮೆ ಕೈಮುಗಿದು, ಹೆಡ್‌ಫೋನನ್ನು ಕಿವಿಗೇರಿಸುತ್ತಾರೆ.

ತೆರೆಯ ಮೇಲೆ ಬಡಗಿಯೊಬ್ಬರು ಮರ ಕೆತ್ತುತ್ತಿದ್ದಾರೆ. ಬಿಡುವಿನಲ್ಲಿ ಅವರೇ ತೆಗೆದುಕೊಂಡ ವಿಡಿಯೊ. ಆದರೆ ಕೊಡತಿ ಉಳಿಗೆ ತಾಗುವ ಮೊದಲೇ ಪೆಟ್ಟಿನ ಸದ್ದು ಬಂದುಬಿಡುತ್ತದೆ. ಅಕ್ಕ ಕಣ್ಣು ಮುಚ್ಚಿ ಕೇಳುತ್ತಾರೆ, ತೆರೆದು ನೋಡುತ್ತಾರೆ, ಏನನ್ನೋ ಒತ್ತಿ ಕಾಯುತ್ತಾರೆ. ಸ್ವಲ್ಪ ಹೊತ್ತಿಗೆ ಪೆಟ್ಟೂ ಸದ್ದೂ ಒಂದಾಗುತ್ತವೆ. “ಗಂಡ ಹೆಂಡ್ತಿ ರಾಜಿ ಆದ್ರು,” ಎಂದು ತಮಗೆ ತಾವೇ ಹೇಳಿಕೊಂಡು ಮುಂದಿನ ಕೆಲಸಕ್ಕೆ ಕೈ ಹಾಕುತ್ತಾರೆ.

ಅಷ್ಟರಲ್ಲಿ ಬಸ್ ಕಂಡಕ್ಟರೊಬ್ಬರು ಸಮವಸ್ತ್ರದಲ್ಲೇ ಬಂದು ನಿಲ್ಲುತ್ತಾರೆ. ಹಳೆಯ ಹೊದಿಕೆಯಲ್ಲಿ ಸುತ್ತಿದ ಕಂಪ್ಯೂಟರನ್ನು, ಜ್ವರದ ಮಗುವನ್ನು ಎತ್ತಿಕೊಂಡಂತೆ ಎದೆಗೆ ಅವಚಿಕೊಂಡಿದ್ದಾರೆ. ದಿನವಿಡೀ ಬಸ್ಸಿನಲ್ಲಿ ಕೂಗಿ ಪಳಗಿದ ಗಂಟಲು ಇವತ್ತು ಏಳುತ್ತಿಲ್ಲ.

ಅವರ ಹೆಂಡತಿ ಎಳೆಯ ಮಕ್ಕಳ ಶಾಲೆಯಲ್ಲಿ ಟೀಚರು. ಕತೆ ಹೇಳುವುದರಲ್ಲಿ ಎತ್ತಿದ ಕೈ. ಅವರ ಕತೆಯ ಆಸೆಗೇ ಅಳುವ ಮಕ್ಕಳೂ ಅಮ್ಮನ ಸೆರಗು ಬಿಡುತ್ತಿದ್ದವಂತೆ. ಅಂಥವರ ಗಂಟಲಿಗೇ ಬೇನೆ ಬಂತು. ಶಸ್ತ್ರಚಿಕಿತ್ಸೆಯಿಂದ ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಆಸ್ಪತ್ರೆಗೆ ಹೋಗುವ ಹಿಂದಿನ ವಾರ ಟೀಚರು ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು, ತಮಗೆ ಬರುವ ಕತೆಗಳನ್ನೆಲ್ಲ ಗಂಡನ ಫೋನಿನ ಮುಂದೆ ಹೇಳಿ ಮುಗಿಸಿದರು. ಈಗ ಗುಣವಾಗಿದ್ದಾರೆ. ನಾಡಿದ್ದು ಶನಿವಾರ ಮಕ್ಕಳ ಬಳಿಗೆ ಮೊದಲ ಸಲ ಹಿಂತಿರುಗುತ್ತಾರೆ. ಅಂದು ಆ ವಿಡಿಯೊ ತೋರಿಸುವುದೆಂದು ಮಾತಾಗಿದೆ.

ರಜೆಯ ದಿನಗಳಲ್ಲಿ ಬಸ್ಸಿನ ಕಿಟಕಿಯಾಚೆಯ ನೋಟಗಳನ್ನು ಜೋಡಿಸಿ ವಿಡಿಯೊ ಮಾಡುವ ಹವ್ಯಾಸ ಕಂಡಕ್ಟರಿಗಿದೆ. ಹಾಗಾಗಿ ಎಡಿಟಿಂಗ್ ತಾವೇ ಮಾಡಿದರು. ಮುಗಿಯಿತೆಂಬ ನೆಮ್ಮದಿಯಲ್ಲಿ ಫೋನು, ಅದರ ಮೆಮೊರಿ ಕಾರ್ಡು ಎರಡರಲ್ಲೂ ಇದ್ದ ಮೂಲ ವಿಡಿಯೊಗಳನ್ನು ಅಳಿಸಿಬಿಟ್ಟರು. ಸಾಫ್ಟ್‌ವೇರಿನೊಳಗೆ ಹೇಗೂ ಸೇರಿಕೊಂಡಿವೆಯಲ್ಲ ಎಂಬ ಧೈರ್ಯ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ನಿನ್ನೆ ತೆರೆದು ನೋಡಿದರೆ ಪ್ರತಿ ತುಣುಕಿನ ಜಾಗದಲ್ಲೂ ಕೆಂಪು ಪಟ್ಟಿ, ಕಡತ ಸಿಗುತ್ತಿಲ್ಲವೆಂಬ ಬರಹ.

“ಎಲ್ಲಾ ಕೆಂಪು, ಅಕ್ಕ. ಒಂದು ಮಾತೂ ಇಲ್ಲ. ಅವಳಿಗಿನ್ನೂ ಹೇಳಿಲ್ಲ,” ಎನ್ನುತ್ತಾರೆ.

ಅಕ್ಕ ಬೈಯುವುದಿಲ್ಲ. ಇದೇ ತಪ್ಪು ಹೊತ್ತುಕೊಂಡು ವಾರಕ್ಕೊಬ್ಬರಾದರೂ ಈ ಮೆಟ್ಟಿಲಿಗೆ ಬರುತ್ತಾರೆ. “ಪ್ರಾಜೆಕ್ಟ್ ಅಂತ ನೀವು ಸೇವ್ ಮಾಡ್ತೀರಲ್ಲ, ಅದರೊಳಗೆ ವಿಡಿಯೊ ಇರಲ್ಲ ಕಂಡಕ್ಟ್ರೇ. ಯಾವುದು ಎಲ್ಲಿದೆ ಅನ್ನೋ ವಿಳಾಸ ಇರುತ್ತೆ, ಅಷ್ಟೇ. ಮನೆ ಕೆಡವಿ ವಿಳಾಸ ಇಟ್ಕೊಂಡ್ರೆ ಯಾರು ಬಾಗಿಲು ತೆಗೀತಾರೆ? ಇರ್ಲಿ. ಕೂತ್ಕೊಳ್ಳಿ. ಆ ಕಾರ್ಡಲ್ಲಿ ಇನ್ನೊಂದು ಫೋಟೋ ಕೂಡ ತೆಗೀಬೇಡಿ. ಅಳಿಸಿದ್ದು ಕೂಡ್ಲೇ ಸಾಯಲ್ಲ, ಅದರ ಜಾಗದಲ್ಲಿ ಇನ್ನೊಂದು ಬಂದು ಕೂತಾಗ ಸಾಯುತ್ತೆ.”

ಕಾರ್ಡನ್ನು ತೆಗೆದು, ಅಳಿಸಿದ್ದನ್ನು ಹುಡುಕುವ ತಂತ್ರಾಂಶಕ್ಕೆ ಒಪ್ಪಿಸುತ್ತಾರೆ. ಅದು ಬಸವನಹುಳುವಿನಂತೆ ಹೊರಡುತ್ತದೆ.

ಅದು ತೆವಳುವಷ್ಟು ಹೊತ್ತಿನಲ್ಲಿ ಅಕ್ಕನ ಹಿಂದಿನದನ್ನು ಹೇಳಿಬಿಡಬಹುದು. ಈ ಬೆಂಚು ಅವರ ತಂದೆಯದು. ಗಡಿಯಾರ ಬಿಚ್ಚುವುದನ್ನು ಕಲಿಸಲು ತಂದೆ ಮಗನನ್ನು ಕೂರಿಸಿದರು, ಮಗ ಎದ್ದುಹೋದ, ಪಕ್ಕದಲ್ಲಿ ನಿಂತು ನೋಡುತ್ತಿದ್ದ ಮಗಳು ಕೂತಳು. ಕೂತವಳು ಏಳಲಿಲ್ಲ. ಮದುವೆಯಾದ ಮೇಲೂ ಬೆಳಿಗ್ಗೆ ಇಲ್ಲಿ, ಸಂಜೆ ಮನೆಯಲ್ಲಿ. ಆಮೇಲೆ ಎಲ್ಲರ ಕೈಗೂ ಫೋನು ಬಂತು, ಮಣಿಕಟ್ಟುಗಳು ಖಾಲಿಯಾದವು. ಇಡೀ ದಿನ ಒಂದು ಬೆಲ್ಟು ಬದಲಿಸಿ ಮನೆಗೆ ಹೋದ ದಿನಗಳಿದ್ದವು. ನೀರಿನ ಟ್ಯಾಂಕರ್ ಓಡಿಸುವ ಗಂಡ ಆಗ ತಮಾಷೆ ಮಾಡುತ್ತಿದ್ದರಂತೆ, ಊರಿಗೆಲ್ಲ ಟೈಮ್ ಸರಿ ಮಾಡಿದೋಳಿಗೆ ಟೈಮೇ ಸರಿಯಿಲ್ಲ ಅಂತ.

ಬಿಡುವು ಹೆಚ್ಚಾದಾಗ ಅಕ್ಕ ಅದೇ ಫೋನಿನಲ್ಲಿ, ತಾವು ರಿಪೇರಿ ಮಾಡಿದ ಗೋಡೆ ಗಡಿಯಾರವೊಂದನ್ನು ಚಿತ್ರೀಕರಿಸಿದರು. ಎಡಿಟ್ ಮಾಡಿ ನೋಡಿದರೆ, ಮೊದಲು ಸರಿಯಾಗಿದ್ದ ‘ಟಿಕ್’ ಬರಬರುತ್ತ ಮುಳ್ಳನ್ನು ಬಿಟ್ಟು ದೂರವಾಗುತ್ತಿದೆ. ಬೇರೆ ಯಾರಿಗೂ ಅದು ಕಾಣುತ್ತಿರಲಿಲ್ಲ. ಈ ಕಣ್ಣಿಗೆ ಕಾಣದೆ ಹೋಗಲು ಸಾಧ್ಯವಿರಲಿಲ್ಲ.

“ಮೊದ್ಲು ಸದ್ದನ್ನ ಎಳೆದು ಕೂರಿಸಿದೆ. ಶುರು ಸರಿಹೋಯ್ತು, ಕೊನೆ ಕೆಡ್ತು. ಆಗ ಹೊಳೀತು,” ಎಂದು ನೆನೆಯುತ್ತಾರೆ. “ಗಡಿಯಾರ ಐದು ನಿಮಿಷ ಹಿಂದಿದ್ರೆ ಮುಳ್ಳು ತಿರುಗಿಸಿದ್ರೆ ಮುಗೀತು. ದಿನಾ ಐದು ನಿಮಿಷ ಹಿಂದೆ ಬೀಳ್ತಾ ಇದ್ರೆ? ಒಳಗೆ ಬಿಚ್ಚಬೇಕು.” ಬೆಳಕು ಕಡಿಮೆಯಾದಂತೆ ಫೋನು ಸೆಕೆಂಡಿಗೆ ತೆಗೆಯುವ ಚಿತ್ರಗಳ ಸಂಖ್ಯೆಯನ್ನು ತನಗೆ ಬೇಕಾದಂತೆ ಏರಿಳಿಸುತ್ತದೆ, ಸಾಫ್ಟ್‌ವೇರು ಮಾತ್ರ ಎಲ್ಲ ಸೆಕೆಂಡೂ ಒಂದೇ ಎಂದು ನಂಬಿ ಎಣಿಸುತ್ತದೆ. ಎಡಿಟಿಂಗಿಗೆ ಕೂರುವ ಮೊದಲೇ ವಿಡಿಯೊವನ್ನು ಒಂದೇ ಸಮನಾದ ವೇಗಕ್ಕೆ ಬದಲಿಸಿಕೊಂಡರೆ ಆ ಜಗಳವೇ ಇಲ್ಲ. ಇದನ್ನು ವಿಡಿಯೊ ಹವ್ಯಾಸಿಗಳ ಫೋನ್ ಗುಂಪೊಂದಕ್ಕೆ ಅಕ್ಕ ತಮ್ಮ ದನಿಯಲ್ಲೇ ಹೇಳಿ ಕಳುಹಿಸಿದರು. ಮರುವಾರದಿಂದ ಮೆಟ್ಟಿಲ ಮೇಲೆ ಜನ. ಅನ್ನ ಕಸಿದ ಫೋನೇ ಅನ್ನ ತಂದಿಟ್ಟಿತು. ದೇವರು ಒಂದು ಕೈಯಲ್ಲಿ ತೆಗೆದುಕೊಂಡಾಗ ಇನ್ನೊಂದು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಿರುತ್ತಾನೆ, ನಾವು ಇಣುಕಿ ನೋಡುವಷ್ಟು ತಾಳ್ಮೆ ಇಟ್ಟುಕೊಳ್ಳಬೇಕು.

ಈಗ ದಿನಕ್ಕೆ ಹತ್ತು ಹನ್ನೆರಡು ಮಂದಿ ಬರುತ್ತಾರೆ. ಹಕ್ಕಿಗಳನ್ನು ಚಿತ್ರೀಕರಿಸುವ ಅಂಚೆಯವರು, ಕಸೂತಿ ಕಲಿಸುವ ನರ್ಸು, ಮೊಮ್ಮಗಳ ಕುಣಿತ ಜೋಡಿಸುವ ಅಜ್ಜ. ಎಲ್ಲರೂ ಕೆಲಸಕ್ಕೆ ಹೋಗುವ ಮುಂಚೆ ಬರುವವರು, ಅದಕ್ಕೇ ಅಂಗಡಿ ಇಷ್ಟು ಬೇಗ ತೆರೆಯುತ್ತದೆ. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬಂತೆ ಒಬ್ಬೊಬ್ಬರಿಗೂ ತಾವು ತೆಗೆದ ಒಂದೊಂದು ಕ್ಷಣವೂ ಬೇಕು. ಅಕ್ಕ ನಗುತ್ತಲೇ ತಿದ್ದುತ್ತಾರೆ. ದೃಶ್ಯದಿಂದ ದೃಶ್ಯಕ್ಕೆ ಹೋಗುವಾಗ ತಿರುಗುವುದು, ಹಾರುವುದು, ಒಡೆಯುವುದು ಎಲ್ಲವನ್ನೂ ತುಂಬಿದವರಿಗೆ, ಇರೋ ಒಡವೆ ಎಲ್ಲಾ ಒಂದೇ ದಿನ ಹಾಕ್ಕೊಂಡ್ರೆ ಮುಖ ಯಾರು ನೋಡ್ತಾರೆ ಎನ್ನುತ್ತಾರೆ. ಇಡೀ ವಿಡಿಯೊ ಹೊರತೆಗೆಯಲು ರಾತ್ರಿಯೆಲ್ಲ ಕಾದು ಬೆಳಿಗ್ಗೆ ತಪ್ಪು ಕಂಡವರಿಗೆ, ಮೊದಲು ಒಂದೇ ನಿಮಿಷದಷ್ಟು ತೆಗೆದು ನೋಡಿ, ಅನ್ನಕ್ಕೆ ಒಂದಗುಳು ಸಾಕು ಎನ್ನುತ್ತಾರೆ. ಕಂಪ್ಯೂಟರ್ ನಡುವೆ ಸತ್ತುಹೋಗಿ ಕೆಲಸ ಕಳೆದುಕೊಂಡವರಿಗೆ, ದಿನಕ್ಕೊಂದು ಹೊಸ ಹೆಸರಿನಲ್ಲಿ ಉಳಿಸಿಕೊಳ್ಳಿ ಎನ್ನುತ್ತಾರೆ.

ಇತ್ತ ಹುಡುಕಾಟ ಮುಗಿಯುತ್ತದೆ. ಸಿಕ್ಕಿದ್ದು ಬರೀ ರಸ್ತೆ, ಮರ, ಮೈಲಿಗಲ್ಲು. ಅಳಿಸಿದ ಮೇಲೆ ಕಂಡಕ್ಟರು ಅದೇ ಕಾರ್ಡಿನಲ್ಲಿ ಮೂರು ದಿನ ಬಸ್ಸಿನ ದಾರಿಯನ್ನು ತುಂಬಿದ್ದಾರೆ. ಟೀಚರು ಕೂತಿದ್ದ ಜಾಗದ ಮೇಲೆಲ್ಲ ಬಸ್ಸು ಹಾದುಹೋಗಿದೆ. ಫೋನಿನ ಕಸದಬುಟ್ಟಿಯನ್ನೂ ಅವರೇ ಖಾಲಿ ಮಾಡಿದ್ದಾರೆ.

ಕಂಡಕ್ಟರು ಟೋಪಿ ತೆಗೆದು ಮಡಿಲಲ್ಲಿ ಇಟ್ಟುಕೊಳ್ಳುತ್ತಾರೆ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಎಂದು ಹಿರಿಯರು ಹೇಳಿದ್ದು ನಾಲಿಗೆಯ ಎಚ್ಚರಕ್ಕೆ. ಇಲ್ಲಿ ಅದು ಅಕ್ಷರಶಃ ನಿಜವಾಗಿ ಎದುರಿಗೆ ಕೂತಿದೆ.

ಅಕ್ಕ ಗಡಿಯಾರಗಳನ್ನು ನೋಡುತ್ತಾರೆ. ನಿಂತ ಗಡಿಯಾರ ಸತ್ತಿದೆಯೆಂದು ಅವರು ಯಾವತ್ತೂ ಮೊದಲು ಒಪ್ಪುವವರಲ್ಲ. ಆಮೇಲೆ ಕೇಳುತ್ತಾರೆ, ಮೊದಲ ದಿನ ವಿಡಿಯೊ ಒಳಗೆ ಹಾಕಿದಾಗ ಸಾಫ್ಟ್‌ವೇರು ಏನಾದರೂ ಕೇಳಿತ್ತೇ ಎಂದು.

“ಏನೋ ಕೇಳ್ತು. ಕಂಪ್ಯೂಟರ್ ನಿಧಾನ ಇದೆ, ಅದೇನೋ ಮಾಡ್ಲಾ ಅಂತ. ನನಗೇನು ಗೊತ್ತಾಗುತ್ತೆ? ಒಪ್ಪಿಗೆ ಅಂತಿತ್ತು, ಒತ್ತಿದೆ.”

ಅಕ್ಕನ ಬೆನ್ನು ನೆಟ್ಟಗಾಗುತ್ತದೆ. ಹಳೆಯ ಕಂಪ್ಯೂಟರು ದೊಡ್ಡ ವಿಡಿಯೊ ಎಳೆಯಲಾರದೆ ತೊಡರುತ್ತದೆ. ಅದಕ್ಕೆಂದು ಸಾಫ್ಟ್‌ವೇರು ಪ್ರತಿಯೊಂದಕ್ಕೂ ಒಂದು ಹಗುರವಾದ ಮರಿಪ್ರತಿ ಮಾಡಿಕೊಳ್ಳುತ್ತದೆ. ಚಿತ್ರ ಚಿಕ್ಕದು, ಸದ್ದು ಪೂರ್ತಿ. ಅವು ಮೂಲದ ಜೊತೆಗಿರುವುದಿಲ್ಲ, ಬೇರೆಲ್ಲೋ ಒಂದು ಮೂಲೆಯ ಫೋಲ್ಡರಿನಲ್ಲಿ ಯಾರಿಗೂ ಅರ್ಥವಾಗದ ಹೆಸರು ಹೊತ್ತು ಕೂತಿರುತ್ತವೆ. ಹೊದಿಕೆ ಬಿಚ್ಚಿ, ಕಂಪ್ಯೂಟರಿಗೆ ತಂತಿ ಸಿಕ್ಕಿಸಿ, ಅಕ್ಕ ಫೋಲ್ಡರಿನೊಳಗೆ ಫೋಲ್ಡರು ತೆರೆಯುತ್ತ ಹೋಗುತ್ತಾರೆ. ಕೊನೆಗೆ ಒಂದರ ಮೇಲೆ ಬೆರಳಿಟ್ಟು ಒತ್ತುತ್ತಾರೆ.

“ಒಂದೂರಲ್ಲಿ ಒಂದು ಕಾಗೆ ಇತ್ತಂತೆ,” ಎನ್ನುತ್ತದೆ ಒಂದು ಹೆಣ್ಣುದನಿ.

ಕಂಡಕ್ಟರು ಎದ್ದ ರಭಸಕ್ಕೆ ಮೆಟ್ಟಿಲಿಗೆ ತಲೆ ತಾಗುತ್ತದೆ. ನೋವು ಅವರಿಗೆ ತಿಳಿದಂತಿಲ್ಲ.

ಕೆಂಪು ಪಟ್ಟಿಗಳಿಗೆ ಒಂದೊಂದಾಗಿ ಮರಿಪ್ರತಿಗಳನ್ನು ತೋರಿಸುತ್ತ ಹೋದಂತೆ ಎಡಿಟಿಂಗ್ ಮತ್ತೆ ಜೀವ ತಳೆಯುತ್ತದೆ. ಚಿತ್ರ ಮಾತ್ರ ಮಸುಕು. ಕಂಡಕ್ಟರು ಪೆಚ್ಚಾಗುತ್ತಾರೆ. ಅಕ್ಕ ಅದನ್ನು ತೆರೆಯ ತುಂಬ ಹಿಗ್ಗಿಸದೆ ಇದ್ದಷ್ಟೇ ಅಳತೆಗೆ ಇಳಿಸಿ, ಸುತ್ತ ಕಪ್ಪು ಬಿಡುತ್ತಾರೆ. ಮಸುಕು ಹೋಗಿ ಟೀಚರಮ್ಮನ ಕಣ್ಣ ಹೊಳಪು ಕೂಡ ಕಾಣುತ್ತದೆ, ಯಾರದೋ ಮನೆಯ ಬೆಳಕಿರುವ ಕಿಟಕಿಯನ್ನು ಬೀದಿಯಿಂದ ನೋಡಿದಂತೆ.

ಇಷ್ಟಕ್ಕೇ ಮುಗಿಯಬಹುದಿತ್ತು. ಆದರೆ ಕತೆ ಕೇಳುತ್ತಿದ್ದ ಅಕ್ಕನ ಹುಬ್ಬು ಗಂಟಿಕ್ಕುತ್ತದೆ. ಟೀಚರಮ್ಮ ಉಸಿರೇ ಬಿಡದೆ ಮಾತಾಡುತ್ತಿದ್ದಾರೆ. ಯಾಕೆ ಹೀಗೆ ಓಡುತ್ತಾರೆ ಎಂದು ಕೇಳಿದರೆ, ಅದು ತಮ್ಮದೇ ಕೈಚಳಕ ಎಂದು ಕಂಡಕ್ಟರು ಹೆಮ್ಮೆಪಡುತ್ತಾರೆ. ನಡುವೆ ಸುಮ್ಮನಿರುವ ಜಾಗಗಳನ್ನೆಲ್ಲ ಒಂದೇ ಗುಂಡಿ ಒತ್ತಿ ತೆಗೆದುಹಾಕಬಹುದಂತೆ, ಖಾಲಿ ಬಿಟ್ಟರೆ ನೋಡುವವರು ಎದ್ದುಹೋಗುತ್ತಾರಂತೆ. ಎಲ್ಲೋ ಹೇಳಿದ್ದನ್ನು ಕೇಳಿ ಹಾಗೆ ಮಾಡಿದ್ದಾರೆ.

ಅಕ್ಕ ತುಣುಕಿನ ಅಂಚನ್ನು ಹಿಡಿದು ಎಳೆಯುತ್ತಾರೆ. ತುಣುಕುಗಳನ್ನು ಸಾಲಾಗಿ ಜೋಡಿಸುವ ಟೈಮ್‌ಲೈನಿನಲ್ಲಿ ಕತ್ತರಿಸಿದ್ದು ಹೋಗಿರುವುದಿಲ್ಲ, ಒಳಗೆ ಮಡಚಿಕೊಂಡಿರುತ್ತದೆ. ಎಳೆದಂತೆ ಬಿಚ್ಚಿಕೊಳ್ಳುತ್ತದೆ. “ಒಂದೂರಲ್ಲಿ ಒಂದು ಕಾಗೆ ಇತ್ತಂತೆ” ಎಂದ ಟೀಚರು ಈಗ ನಿಲ್ಲುತ್ತಾರೆ. ಕಿವಿಯ ಪಕ್ಕ ಒಂದು ಬೆರಳೆತ್ತಿ ಕಣ್ಣರಳಿಸುತ್ತಾರೆ. ಕಾಯುತ್ತಾರೆ.

“ಹೂಂ,” ಎಂದುಬಿಡುತ್ತಾರೆ ಗಡಿಯಾರದಕ್ಕ, ತಮಗೇ ತಿಳಿಯದಂತೆ.

ಟೀಚರು ತಲೆಯಾಡಿಸಿ ಮುಂದುವರಿಯುತ್ತಾರೆ. “ಆ ಕಾಗೆಗೆ ನೆರಳೇ ಇರಲಿಲ್ಲವಂತೆ.” ಮತ್ತೆ ಬೆರಳು.

ಹಳ್ಳಿಯ ಕತೆಗಾರರು ಹೂಂಗುಟ್ಟುವವರಿಲ್ಲದೆ ಕತೆ ನಡೆಸುವುದಿಲ್ಲ. ಹೂಂ ನಿಂತರೆ ಮಗು ಮಲಗಿತು, ಕತೆಯೂ ಮಲಗಲಿ ಎಂದು ಎದ್ದುಬಿಡುತ್ತಾರೆ. ಖಾಲಿ ಕೋಣೆಯಲ್ಲಿ ಗಂಡನ ಫೋನಿನ ಮುಂದೆ ಕೂತ ಈ ತಾಯಿ, ಎದುರಿಲ್ಲದ ಮಕ್ಕಳಿಗಾಗಿ ಪ್ರತಿ ಸಲವೂ ಕಾದಿದ್ದಾರೆ. ಕಂಡಕ್ಟರು ಇಷ್ಟು ವರ್ಷ ಬಸ್ಸಿನಲ್ಲಿದ್ದವರು, ಹೆಂಡತಿ ಶಾಲೆಯಲ್ಲಿ ಕತೆ ಹೇಳುವುದನ್ನು ಒಮ್ಮೆಯೂ ಕಂಡಿಲ್ಲ.

“ನಾನು ಮಕ್ಕಳನ್ನೇ ಕತ್ತರಿಸಿ ಹಾಕಿದ್ನಲ್ಲ, ಅಕ್ಕ,” ಎಂದು ಮೆಲ್ಲಗೆ ಹೇಳುತ್ತಾರೆ.

“ಕತ್ತರಿಸಿಲ್ಲ, ಮಡಚಿದ್ರಿ. ಬಿಚ್ಚೋಣ.”

ಎರಡು ದಿನ ಅಕ್ಕ ಬೇರೆ ಕೆಲಸ ಮುಟ್ಟುವುದಿಲ್ಲ. ಒಂದೊಂದು ಸಂದನ್ನೂ ಟೀಚರು ಬಿಟ್ಟಷ್ಟೇ ಬಿಡಿಸುತ್ತಾರೆ. ಒಂದು ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಬಡಗಿ ಬಂದು ಇಣುಕಿದರೆ ಸೋಮವಾರ ಬನ್ನಿ ಎನ್ನುತ್ತಾರೆ. ಊಟದ ಡಬ್ಬಿ ತಂದ ಗಂಡ, ಮಗ್ಗುಲಲ್ಲಿ ಇಪ್ಪತ್ತೈದು ವರ್ಷದಿಂದ ಮಾತಾಡ್ತಿದೀನಿ, ನನಗೊಂದು ಹೂಂ ಅಂದಿಲ್ಲ ಇವಳು ಎಂದು ಗೊಣಗಿ ಹೋಗುತ್ತಾರೆ.

ಶನಿವಾರ. ಶಾಲೆಯ ಕೋಣೆಯಲ್ಲಿ ಚಾಪೆಯ ಮೇಲೆ ಮಕ್ಕಳು, ಗೋಡೆಯಲ್ಲಿ ಟಿವಿ. ಕತ್ತಿಗೆ ಮೆತ್ತನೆಯ ಬಟ್ಟೆ ಸುತ್ತಿಕೊಂಡ ಟೀಚರು ಪಕ್ಕದಲ್ಲಿ ನಿಂತಿದ್ದಾರೆ. ಬಹಳ ದಿನದ ಮೇಲೆ ಬಂದವರು, ಮಾತಾಡದವರು. ಮಕ್ಕಳಿಗೆ ಸಂಕೋಚ. ಮುಂದಿನ ಸಾಲಿನ ಪುಟಾಣಿಯೊಂದು ಅವರನ್ನು ನೋಡಲೂ ಹೆದರಿ ಮುಖ ತಿರುಗಿಸಿದೆ. ಕಂಡಕ್ಟರು ರಜೆ ಹಾಕಿ ಬಂದು ಗುಂಡಿಯ ಮೇಲೆ ಬೆರಳಿಟ್ಟಿದ್ದಾರೆ. ಬೆಳಗಿನ ಹೊತ್ತು ಅಂಗಡಿ ಮುಚ್ಚಿ ಬಂದ ಗಡಿಯಾರದಕ್ಕ ಬಾಗಿಲಲ್ಲೇ ನಿಂತಿದ್ದಾರೆ.

ಕಪ್ಪಿನ ನಡುವೆ ಪುಟ್ಟ ಕಿಟಕಿ ತೆರೆದುಕೊಳ್ಳುತ್ತದೆ. “ಒಂದೂರಲ್ಲಿ ಒಂದು ಕಾಗೆ ಇತ್ತಂತೆ.”

ದನಿ ನಿಲ್ಲುತ್ತದೆ. ತೆರೆಯ ಮೇಲಿನ ಟೀಚರು ಬೆರಳೆತ್ತುತ್ತಾರೆ. ಪಕ್ಕದಲ್ಲಿ ನಿಂತ ಟೀಚರ ಬೆರಳೂ ತಾನಾಗಿ ಕಿವಿಯ ಬಳಿಗೆ ಏಳುತ್ತದೆ.

“ಹೂಂ,” ಎನ್ನುತ್ತದೆ ಇಡೀ ಕೋಣೆ.

ಕೇಳಿಸಿತೆಂಬಂತೆ ತೆರೆ ತಲೆಯಾಡಿಸುತ್ತದೆ, ಪಕ್ಕದ ಟೀಚರೂ ತಲೆಯಾಡಿಸುತ್ತಾರೆ, ಕಾಗೆ ನೆರಳು ಹುಡುಕಿಕೊಂಡು ಹೊರಡುತ್ತದೆ. ಎರಡನೆಯ ಹೂಂ ಮೊದಲಿನದಕ್ಕಿಂತ ಜೋರು. ಮೂರನೆಯದಕ್ಕೆ ಪಕ್ಕದ ತರಗತಿಯ ಮಕ್ಕಳು ಕಿಟಕಿಗೆ ಜೋತುಬಿದ್ದಿದ್ದಾರೆ. ಮುಖ ತಿರುಗಿಸಿದ್ದ ಪುಟಾಣಿ ಯಾವಾಗಲೋ ಎದ್ದುಹೋಗಿ ಟೀಚರ ಸೆರಗು ಹಿಡಿದು ನಿಂತಿದೆ. ಈಗ ಅದು ಟಿವಿಯನ್ನು ನೋಡುತ್ತಿಲ್ಲ, ತಲೆಯೆತ್ತಿ ಟೀಚರ ಬೆರಳನ್ನೇ ನೋಡುತ್ತ ಹೂಂ ಎನ್ನುತ್ತಿದೆ. ಟೀಚರ ಕಣ್ಣು ತುಂಬಿದೆ, ಮುಖ ನಗುತ್ತಿದೆ. ಅವರು ಕತೆ ಹೇಳುತ್ತಿದ್ದಾರೆ. ನೋಡಿದವರಾರೂ ಅಲ್ಲವೆನ್ನಲಾರರು.

ಕತೆ ಮುಗಿದಾಗ ಕಂಡಕ್ಟರು ಬಸ್ಸಿನ ಗಂಟಲು ತೆಗೆದು, ಇದೆಲ್ಲ ಈ ಅಕ್ಕನ ಕೈಯಿಂದ ಎಂದು ಕೂಗುತ್ತಾರೆ. ಅಕ್ಕ ಅಷ್ಟರಲ್ಲಿ ಚಪ್ಪಲಿ ಮೆಟ್ಟಿದ್ದಾಗಿದೆ.

ದಾರಿಯಲ್ಲಿ ಜೊತೆಯಾದವರು, ಇನ್ನೇನು ಆಸೆ ಎಂದು ಕೇಳಿದರೆ ನಡೆಯುತ್ತಲೇ ಉತ್ತರಿಸುತ್ತಾರೆ. “ಜನ ಮೂಲ ವಿಡಿಯೊ ಅಳಿಸದೆ ಇದ್ರೆ ಸಾಕು. ಎರಡು ಕಡೆ ಇಟ್ಕೊಂಡ್ರೆ ಇನ್ನೂ ಪುಣ್ಯ.” ಆಮೇಲೆ, ಎಷ್ಟೋ ಹೆಜ್ಜೆಯ ನಂತರ, ತಾವಾಗಿಯೇ ಹೇಳುತ್ತಾರೆ. “ಆ ಸಂದು ನಾನು ಮಾಡಿದ್ದಲ್ಲ. ಟೀಚರಮ್ಮ ಬಿಟ್ಟಿದ್ದು. ಮಕ್ಕಳು ಅಂದ ಹೂಂ ಅದರೊಳಗೆ ಸರಿಯಾಗಿ ಕೂತ್ಕೊಳ್ತು ನೋಡಿ, ಗಡಿಯಾರಕ್ಕೆ ಕೀಲಿ ಕೂತ ಹಾಗೆ. ಅಳತೆ ತಪ್ಪಿರಲಿಲ್ಲ.”

ಮಿಕ್ಕ ಕತೆಗಳು ಸೋಮವಾರದಿಂದ ಒಂದೊಂದಾಗಿ ಬೇಕೆಂದು ಮಕ್ಕಳು ಪಟ್ಟು ಹಿಡಿದಿದ್ದಾರೆ. ಅವುಗಳ ಮಡಿಕೆ ಇನ್ನೂ ಬಿಚ್ಚಬೇಕು. ಅಕ್ಕ ತಲೆ ಬಾಗಿ ಗೂಡಂಗಡಿ ಹೊಕ್ಕು, ಬೆಂಚಿಗೆ ಕೈಮುಗಿದು, ಹೆಡ್‌ಫೋನ್ ಏರಿಸಿಕೊಳ್ಳುತ್ತಾರೆ. ಚೀಲ ಹಿಡಿದು ಮೆಟ್ಟಿಲೇರುವ ಜನಕ್ಕೆ ಕತೆ ಕೇಳಿಸುವುದಿಲ್ಲ. ಕಾಲ ಕೆಳಗಿನಿಂದ ಆಗಾಗ ಒಂದು ಹೂಂ ಮಾತ್ರ ಕೇಳಿಸುತ್ತದೆ.