ಕಾರೆಗುತ್ತಿಯ ಗೌಜಲು

ಮೊನ್ನೆ ಸರಗೂರಿನ ಶಾಲೆಯೊಂದರ ವಾರ್ಷಿಕೋತ್ಸವದಲ್ಲಿ ಮಿಮಿಕ್ರಿ ಮಾಡಿ ಬಸ್ಸಿನಲ್ಲಿ ವಾಪಸು ಬರುತ್ತಿದ್ದೆ. ಪಕ್ಕದ ಸೀಟಿನ ಹೆಂಗಸಿನ ಕಾಲ ಬಳಿ ಒಂದು ಬಟ್ಟೆ ಚೀಲ. ಅದರಿಂದ ಬೆರಕೆ ಸೊಪ್ಪಿನ ವಾಸನೆ ಬರುತ್ತಿತ್ತು. ಬೆರಕೆ ಸೊಪ್ಪು ನಿಮಗೆ ಗೊತ್ತಿರುತ್ತದೆ. ಅಣ್ಣೆ, ಗಣಿಕೆ, ಕನ್ನೆ, ಹೊನಗೊನ್ನೆ ಅಂತ ಯಾರೂ ಬಿತ್ತದೆ, ಯಾರೂ ನೀರು ಹಾಕದೆ ತಾವಾಗಿ ಬಂದ ಹತ್ತಾರು ಬಗೆಯ ಕುಡಿಗಳು ಒಂದೇ ಮಡಿಲಿಗೆ ಬಿದ್ದರೆ ಅದು ಬೆರಕೆ. ಆದರೆ ಈ ಚೀಲದಲ್ಲಿ ಸೊಪ್ಪಿನ ವಾಸನೆಯ ಜೊತೆ ಹಸಿ ಮಣ್ಣಿನ ವಾಸನೆಯೂ ಇತ್ತು. ಬಗ್ಗಿ ನೋಡಿದೆ. ಎಲ್ಲ ಬೇರು ಸಮೇತ ಕಿತ್ತದ್ದು. ನಾನು ಯೋಚಿಸುವ ಮೊದಲೇ ನನ್ನ ಬಾಯಿಂದ ದೊಡ್ಡವ್ವನ ದನಿ ಹೊರಟುಬಿಟ್ಟಿತು:

“ಬೇರ್ನ ಯಾಕವ್ವಾ ಕಿತ್ತೆ? ನಾಳೆ ಬರೋರ್ಗೆ ಏನ್ ಬುಡ್ತೀಯ?”

ಆಕೆ ಬೆಚ್ಚಿ ಹಿಂದಿನ ಸೀಟು ನೋಡಿದರು, ಮುಂದಿನ ಸೀಟು ನೋಡಿದರು. ಮುದುಕಿ ಎಲ್ಲೂ ಇರಲಿಲ್ಲ. ಇದ್ದವನು ಕುರುಚಲು ಗಡ್ಡದ ನಾನೊಬ್ಬ. ಕಿಟಕಿ ಕಡೆ ತಿರುಗಿ, ಹುಣಸೂರು ಬರುವವರೆಗೂ ಸಭ್ಯನಂತೆ ನಟಿಸಿದೆ. ನನಗೆ ಸರಿಯಾಗಿ ಬರದ ಮಿಮಿಕ್ರಿ ಅದೊಂದೇ.

ದೊಡ್ಡವ್ವ ಅಂದರೆ ನಮ್ಮವ್ವನ ಅಕ್ಕ, ಪುಟ್ಟತಾಯಮ್ಮ. ಹುಣಸೂರಿನಲ್ಲಿ ನಮ್ಮ ಬೀದಿಯಲ್ಲೇ, ನಾಲ್ಕು ಮನೆ ಆಚೆ ಇದ್ದಾಳೆ. ಮಳೆ ಬಿದ್ದ ಮೂರನೇ ದಿನ ಬೆಳಿಗ್ಗೆ ಅವಳನ್ನು ಮನೆಯಲ್ಲಿ ಹುಡುಕಬಾರದು, ಕಾರೆಗುತ್ತಿಯಲ್ಲಿ ಹುಡುಕಬೇಕು. ಕಾರೆಗುತ್ತಿ ನಮ್ಮ ಬೀದಿಯ ಹಿಂದೆ, ಎರಡು ಬಡಾವಣೆಗಳ ನಡುವೆ ಸಿಕ್ಕಿಹಾಕಿಕೊಂಡಿದ್ದ ಒಂದು ಪೊದೆಗಾಡು. ಮೂರೆಕರೆ ಇದ್ದಿರಬಹುದು. ಕಾರೆ, ಕವಳೆ, ತಂಗಡಿ, ಬಂದರಿಕೆ, ಅವುಗಳ ತಲೆಯ ಮೇಲೆ ಉಗನಿ ಹಂಬು. ನಡುವೆ, ಹಿಂದೆ ದನಗಳು ಮೈ ಉಜ್ಜಿಕೊಳ್ಳಲಿ ಅಂತ ನೆಟ್ಟ ಒಂದು ಕಲ್ಲು. ನೂರಾರು ದನ ಉಜ್ಜಿ ಉಜ್ಜಿ ಅದರ ಒಂದು ಪಕ್ಕ ನಮ್ಮ ದೊಡ್ಡಪ್ಪನ ಬೋಳುತಲೆಯಷ್ಟು ನುಣ್ಣಗಾಗಿತ್ತು. ಈ ಹೋಲಿಕೆಯನ್ನು ದೊಡ್ಡಪ್ಪನೆದುರೇ ಹೇಳಿ ಒಮ್ಮೆ ಏಟು ತಿಂದಿದ್ದೇನೆ.

ಅಲ್ಲಿ ದೊಡ್ಡವ್ವನಿಗೆ ಅವಳದೇ ಕಾನೂನು. ಕುಡಿಯನ್ನು ಉಗುರಲ್ಲಿ ಚಿವುಟಬೇಕು, ಬೇರು ಅಲುಗಬಾರದು. ಒಂದು ಗಿಡದಿಂದ ಒಂದೇ ಚಿವುಟು. ಹೂ ಬಿಟ್ಟದ್ದನ್ನು ಮುಟ್ಟಬಾರದು. ಪೊದೆಯೊಳಗೆ ಕಾಲಿಡುವ ಮುಂಚೆ ಕೆಮ್ಮಬೇಕು. “ಒಳಗಿರೋರ್ಗೆ ಗೊತ್ತಾಗ್ಲಿ ಕಣ್ಲಾ, ನೀನು ಕಳ್ಳನಂಗೆ ನುಗ್ಗಿದ್ರೆ ಅವ್ರು ಏನಂದ್ಕತಾರೆ?” ಒಳಗಿರೋರು ಅಂದರೆ ಹಾವು, ಮುಂಗುಸಿ, ಓತಿಕ್ಯಾತ, ಹಕ್ಕಿ. ಅವಳ ಕೆಮ್ಮನ್ನೂ ಕಲಿತಿದ್ದೆ. ನಾನು ಕೆಮ್ಮಿದರೆ ದೊಡ್ಡಪ್ಪ ಒಳಗಿಂದ “ಬಂದ್ಯಾ, ಸಾರಿಗಿಟ್ಟೆಯಾ?” ಅನ್ನುತ್ತಿದ್ದ.

ನಾನು ಕಲಿತ ದನಿಗಳು ಅಷ್ಟೇ ಅಲ್ಲ. ಕೆಂಬೂತ, ನವಿಲು, ಪಿರಿಯಾಪಟ್ಟಣದ ಬಸ್ಸಿನ ಹಾರ್ನು, ನಮ್ಮ ಹೈಸ್ಕೂಲಿನ ವಿಜ್ಞಾನದ ಸೋಮಣ್ಣ ಮೇಷ್ಟ್ರು. ಮೇಷ್ಟ್ರು ಮಾತಿಗೆ ಮುಂಚೆ ಮೂರು ಸಲ ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ನಾನು ಎರಡು ಸಲ ಮಾಡಿದರೂ ಸಾಕು, ತರಗತಿ ಎದ್ದು ನಿಲ್ಲುತ್ತಿತ್ತು. ಆದರೆ ನನ್ನ ಕೈಗೆ, ಅಲ್ಲ, ಗಂಟಲಿಗೆ ಚೆನ್ನಾಗಿ ಹತ್ತಿದ್ದು ಗೌಜಲು. “ಕಿಟಿತ್ತರ್, ಕಿಟಿತ್ತರ್” ಅಂತ ನೆಲದ ಮೇಲೆ ಓಡಾಡಿಕೊಂಡು ಕೂಗುವ, ಕೋಳಿಯ ಚಿಕ್ಕ ತಂಗಿಯಂಥ ಹಕ್ಕಿ. ಎಚ್.ಡಿ. ಕೋಟೆ ಕಡೆಯ ಮಾವನ ಹೊಲದಲ್ಲಿ ಅದನ್ನು ಕಲಿತಿದ್ದೆ. ನಮ್ಮ ಕಾರೆಗುತ್ತಿಯಲ್ಲಿ ಅದು ಇತ್ತೋ ಇಲ್ಲವೋ, ನಾನು ಕಣ್ಣಾರೆ ಕಂಡಿರಲಿಲ್ಲ.

ನಾನು ಡಿಗ್ರಿ ಓದುತ್ತಿದ್ದಾಗ ಬಡಾವಣೆಯವರ ಸಂಘಕ್ಕೆ ಒಂದು ಆಸೆ ಹುಟ್ಟಿತು. ಕಾರೆಗುತ್ತಿ ಬೋಳಿಸಿ ಪಾರ್ಕು ಮಾಡಬೇಕು. ಕೆಟ್ಟ ಆಸೆ ಏನಲ್ಲ ನೋಡಿ. ವಯಸ್ಸಾದವರು ನಡೆಯಬೇಕು, ಮಕ್ಕಳು ಆಡಬೇಕು. “ಪಾಳು ಬಿದ್ದದೆ, ಹಾವು ಸೇರ್ಕೊಂಡವೆ” ಅನ್ನುತ್ತಿದ್ದರು ಸಂಘದ ಅಧ್ಯಕ್ಷರು. ಇದನ್ನು ಒಪ್ಪದವರು ಸೋಮಣ್ಣ ಮೇಷ್ಟ್ರು ಒಬ್ಬರೇ. ಮೂರು ಸಲ ಗಂಟಲು ಸರಿಮಾಡಿಕೊಂಡು ಹೇಳಿದರು: “ಇದು ಪಾಳಲ್ಲ ಕಣ್ರಪ್ಪಾ. ಊರು ಹುಟ್ಟೋಕೆ ಮುಂಚೆ ಇಲ್ಲೆಲ್ಲ ಏನಿತ್ತೋ ಅದರದ್ದು ಉಳಿದಿರೋ ಕೊನೇ ತುಂಡು. ಮರ ಬೇಕಾದ್ರೆ ನೆಡಬಹುದು. ಇದನ್ನ ನೆಡೋಕೆ ಬರಲ್ಲ.” ಅಧಿಕಾರಿಯೊಬ್ಬರು ಜಾಗ ನೋಡಲು ಬರುವವರಿದ್ದರು. ಅಷ್ಟರೊಳಗೆ ಅಲ್ಲಿ ಏನೇನಿದೆ ಅಂತ ಪಟ್ಟಿ ಮಾಡಿ ಕೊಡುತ್ತೇನೆಂದು ಮೇಷ್ಟ್ರು ಹೊರಟರು. ಗಿಡದ ಹೆಸರೆಲ್ಲ ದೊಡ್ಡವ್ವ ಹೇಳಿದಳು, ಇವರು ಬರೆದುಕೊಂಡರು. ಹಕ್ಕಿಗಳಿಗಾಗಿ ಬೆಳಿಗ್ಗೆ ಬೆಳಿಗ್ಗೆ ಬಂದು ಕಲ್ಲಿನ ಹತ್ತಿರ ಕೂರುತ್ತಿದ್ದರು.

ಇನ್ನು ನನ್ನ ಘನಕಾರ್ಯ. ಗೆಳೆಯ ಮಾದೇವನಿಗೆ ಹೇಳಿದೆ: “ಲೇ, ನಾಳೆ ನಾನು ಈ ಕಡೆ ಪೊದೇಲಿ ಕೂತ್ಕತೀನಿ, ನೀನು ಆ ಕಡೆ. ನಾನು ಗೌಜಲು ಕೂಗ್ತೀನಿ, ನೀನು ಉತ್ರ ಕೊಡು. ಮೇಷ್ಟ್ರು ಕುಣೀಬೇಕು.” ಮಾದೇವನಿಗೂ ಅಷ್ಟಿಷ್ಟು ಕಲಿಸಿದ್ದೆ. ಮರುದಿನ ಕೂಗಿದೆ. ಕಲ್ಲಿನ ಆಚೆಯಿಂದ ಉತ್ತರ ಬಂತು. ಎಷ್ಟು ಚೆನ್ನಾಗಿ ಬಂತೆಂದರೆ ನನಗೇ ಹೊಟ್ಟೆ ಉರಿಯಿತು. ಮೇಷ್ಟ್ರು ಎದ್ದು ನಿಂತು, ಯಾರೂ ಇಲ್ಲದ ಜಾಗದಲ್ಲಿ ಒಬ್ಬರೇ ನಕ್ಕರು. ಸಂಜೆ ನಮ್ಮನೆ ಬಾಗಿಲಿಗೇ ಬಂದರು. “ಗೌಜಲು ಇದೆ ಕಣಯ್ಯಾ! ಮರದ ಹಕ್ಕಿ ಆದ್ರೆ ಇನ್ನೊಂದು ಮರ ಹುಡುಕ್ಕೊಳ್ಳುತ್ತೆ. ಇದಕ್ಕೆ ಈ ಪೊದೆ, ಈ ನೆಲ ಬಿಟ್ರೆ ಊರೊಳಗೆ ಇನ್ನೇನಿದೆ? ಇದೊಂದು ಸಾಕು, ಅಧಿಕಾರಿ ನಮ್ಮ ಮಾತು ಕೇಳಿಯೇ ಕೇಳ್ತಾರೆ.” ಆಗಲೇ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಹೇಳಿದ್ದು ಟೀ ಅಂಗಡಿಯಲ್ಲಿ, ಮೇಷ್ಟ್ರು ನಕ್ಕ ನಗು ಸಮೇತ, ಅಭಿನಯಪೂರ್ವಕವಾಗಿ. ಮಾದೇವನೂ ಪಕ್ಕದಲ್ಲಿ ಕೂತು ತನ್ನ ಪಾಲಿನ ಹೊಗಳಿಕೆ ತೆಗೆದುಕೊಂಡ.

ಅಧಿಕಾರಿ ಬಂದ ದಿನ ಬೀದಿಯೆಲ್ಲ ಕಾರೆಗುತ್ತಿಯ ಅಂಚಿನಲ್ಲಿ ನಿಂತಿತ್ತು. ಮೇಷ್ಟ್ರು ಪಟ್ಟಿ ಓದಿದರು. ಗೌಜಲಿಗೆ ಬಂದಾಗ ದನಿ ಸ್ವಲ್ಪ ಏರಿತು. ಅಧ್ಯಕ್ಷರು ನನ್ನ ಕಡೆ ತಿರುಗಿದರು. ಟೀ ಅಂಗಡಿ ಅವರ ಭಾವಮೈದುನನದು ಅಂತ ಹೇಳುವುದು ಮರೆತೆ.

“ಬಾಪ್ಪಾ ಕಲಾವಿದ. ಆ ಗೌಜಲು ಒಂದ್ಸಲ ಕೂಗು. ಸಾಹೇಬ್ರೂ ಕೇಳ್ಲಿ.”

ನಾನು ಸುಮ್ಮನಿರಬಹುದಿತ್ತು. ಗಂಟಲು ಕೆಟ್ಟಿದೆ ಅನ್ನಬಹುದಿತ್ತು. ಆದರೆ ಐವತ್ತು ಜನ ನನ್ನ ಬಾಯಿ ನೋಡುತ್ತಿದ್ದರು. ಅಷ್ಟು ಜನ ಒಟ್ಟಿಗೆ ನನ್ನನ್ನು ನೋಡಿದ್ದು ಅದೇ ಮೊದಲು. ಕೂಗಿದೆ. ಆ ದಿನದಷ್ಟು ಚೆನ್ನಾಗಿ ಯಾವತ್ತೂ ಬಂದಿರಲಿಲ್ಲ. ಜನ ಬಿದ್ದು ಬಿದ್ದು ನಕ್ಕರು, ಚಪ್ಪಾಳೆ ತಟ್ಟಿದರು. ನಗುವಿನ ನಡುವೆ ದೊಡ್ಡವ್ವ ಮಡಿಲಲ್ಲಿ ಸೊಪ್ಪು ಹಿಡಿದುಕೊಂಡೇ ಮುಂದೆ ಬಂದಳು. “ನಗಬ್ಯಾಡಿ ಕಣ್ರಪ್ಪಾ. ಗೌಜಲು ಅದೆ. ನಾನು ವರ್ಸದ ಹನ್ನೆರಡ್ ತಿಂಗ್ಳೂ ಕೇಳಿವ್ನಿ.”

“ನೀವು ಕೇಳಿರೋದು ನಿಮ್ ತಂಗಿ ಮಗನ್ನೇ ಕಣವ್ವ,” ಅಂದರು ಅಧ್ಯಕ್ಷರು. ಮತ್ತೆ ನಗು.

ಮೇಷ್ಟ್ರು ಪಟ್ಟಿಯನ್ನು ಎರಡು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡರು. ಅದರಲ್ಲಿ ದೊಡ್ಡವ್ವ ಹೇಳಿದ ಅಷ್ಟೂ ಗಿಡಗಳಿದ್ದವು. ಅವನ್ನೂ ನಾನೇ ಕೂಗಿದ್ದೇನೋ ಎಂಬಂತೆ ಯಾರೂ ಅವುಗಳ ಬಗ್ಗೆ ಕೇಳಲಿಲ್ಲ.

ಜೆಸಿಬಿ ಬಂದು ಎರಡು ದಿನದಲ್ಲಿ ಕೆಲಸ ಮುಗಿಸಿತು. ಎರಡನೇ ದಿನ ಮಾದೇವ ನನ್ನ ಪಕ್ಕ ನಿಂತು ನೋಡುತ್ತಿದ್ದವನು, ಕೆರೆದು ಹಾಕಿದ ಮಣ್ಣಿನ ಕಡೆಗೇ ಕಣ್ಣಿಟ್ಟು ಹೇಳಿದ: “ಒಂದ್ ಮಾತು. ಅವತ್ತು ನಾನು ಬಂದಿರ್ನಿಲ್ಲ ಕಣ್ಲಾ.”

“ಯಾವತ್ತು?”

“ಮೇಷ್ಟ್ರು ಕುಣಿದ್ ದಿನ. ಮಾವನ ಹೊಗೆಸೊಪ್ಪು ಬೇಯ್ಸೋ ಬ್ಯಾರನ್ನಿಗೆ ಸೌದೆ ಹಾಕೋಕೆ ಪಿರಿಯಾಪಟ್ಣಕ್ಕೆ ಹೋಗಿದ್ದೆ. ಅಲ್ಲೇ ನಿದ್ದೆ ಹೊಡ್ದೋಯ್ತು. ನೀನು ಆಡ್ಕತೀಯ ಅಂತ ಹೇಳ್ನಿಲ್ಲ. ಆಮೇಲೆ ಟೀ ಅಂಗ್ಡೀಲಿ ಎಲ್ರೂ ಬೆನ್ನು ತಟ್ಟುದ್ರು...”

ನನಗೆ ಉತ್ತರ ಕೊಟ್ಟಿದ್ದು ಯಾರು ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ನನ್ನನ್ನು ತನ್ನವನೆಂದು ನಂಬಿ ಉತ್ತರ ಕೊಟ್ಟಿತ್ತು. ಅದರ ಮನೆಯನ್ನು ನಾನು ಒಂದು ಚಪ್ಪಾಳೆಗೆ ಕೊಟ್ಟುಬಿಟ್ಟಿದ್ದೆ.

ಮೇಷ್ಟ್ರು ಅಷ್ಟೊತ್ತಿಗೆ ವರ್ಗವಾಗಿ ಕೆ.ಆರ್. ನಗರಕ್ಕೆ ಹೋಗಿದ್ದರು. ಹುಡುಕಿಕೊಂಡು ಹೋಗಿ ಎಲ್ಲ ಹೇಳಿದೆ. ಅವರು ಒಂದೇ ಸಲ ಗಂಟಲು ಸರಿಮಾಡಿಕೊಂಡರು. “ಹಾಗಾದ್ರೆ ಪಟ್ಟಿ ಸರಿಯಾಗೇ ಇತ್ತು,” ಅಂದರು. ಆಮೇಲೆ ಕಾಫಿ ಕುಡಿದು ಹೋಗು ಅಂದರು. ಬೈದಿದ್ದರೆ ಅದನ್ನೂ ಮಿಮಿಕ್ರಿ ಮಾಡಿ ಹಗುರ ಮಾಡಿಕೊಳ್ಳುತ್ತಿದ್ದೆನೇನೋ.

ಈಗ ಅಲ್ಲಿ ಪಾರ್ಕಿದೆ. ಹುಲ್ಲಿಗೆ ದಿನಾ ನೀರು. ಕಸದ ಡಬ್ಬಿಗಳು ಪೆಂಗ್ವಿನ್ ಆಕಾರದವು, ಹೊಟ್ಟೆಯ ಮೇಲೆ ‘ನನ್ನನ್ನು ಬಳಸಿ’ ಅಂತ ಬರೆದಿದೆ. ಕಾರೆಗುತ್ತಿಯಲ್ಲಿ ನಾನು ದನಿ ಕಲಿಯದ ಹಕ್ಕಿ ಅದೊಂದೇ. ದನ ಉಜ್ಜಿದ ಕಲ್ಲಿನ ಹತ್ತಿರ ಅಡಿಯಲ್ಲೆಲ್ಲ ಬಂಡೆ ಸಿಕ್ಕಿತೆಂದು ಒಂದು ಮೂಲೆಯನ್ನು ಹಾಗೇ ಬಿಟ್ಟಿದ್ದಾರೆ. ಎರಡು ಕಾರೆ ಪೊದೆ, ಒಂದು ಕವಳೆ, ಒಂದಿಷ್ಟು ತಂಗಡಿ. ನಮ್ಮ ಹಟ್ಟಿಯ ಅಂಗಳಕ್ಕಿಂತ ದೊಡ್ಡದಲ್ಲ. ವೇದಿಕೆ ಹತ್ತಿದರೆ ಇವತ್ತಿಗೂ ಕೆಳಗೆ ಕೂತವರಿಂದ “ಗೌಜಲು, ಗೌಜಲು” ಅಂತ ಕೂಗು ಬರುತ್ತದೆ. ನಾನು ಬಸ್ಸಿನ ಹಾರ್ನು ಮಾಡಿ ತಪ್ಪಿಸಿಕೊಳ್ಳುತ್ತೇನೆ.

ಸರಗೂರಿನಿಂದ ಬಂದ ಮರುದಿನ ಬೆಳಿಗ್ಗೆ ದೊಡ್ಡವ್ವನ ಜೊತೆ ಆ ಮೂಲೆಗೆ ಹೋದೆ. ಅವಳು ಕೆಮ್ಮಿದಳು. ನಾನೂ ಕೆಮ್ಮಿದೆ, ನನ್ನದೇ ಕೆಮ್ಮು. ನಾಲ್ಕು ಚಿವುಟಿಗೆ ಸೊಪ್ಪು ಮುಗಿಯುವ ಜಾಗದಲ್ಲಿ ಅವಳು ಎರಡೇ ಚಿವುಟಿ ಸೆರಗಿಗೆ ಹಾಕಿಕೊಂಡಳು. ಉಪ್ಸಾರಿಗೆ ಸಾಲುವುದಿಲ್ಲ, ವಾಸನೆಗೆ ಸಾಕು. ಯಾರೂ ಇರಲಿಲ್ಲ. ಅಷ್ಟು ವರ್ಷದ ಮೇಲೆ, ಮೆಲ್ಲಗೆ, ಒಂದು ಸಲ ಕೂಗಿದೆ. ಪೈಪಿನ ನೀರು ಹುಲ್ಲಿನ ಮೇಲೆ ಚಿಕ್ ಚಿಕ್ ಅನ್ನುತ್ತಿತ್ತು, ಅಷ್ಟೇ. ಇನ್ನೊಂದು ಸಲ ಕೂಗಲು ಬಾಯಿ ತೆರೆದೆ. ದೊಡ್ಡವ್ವ ನನ್ನ ಮೊಣಕಾಲಿಗೆ ತಟ್ಟಿದಳು.

“ಸುಮ್ನಿರ್ಲಾ. ನೀನೇ ಕೂಗ್ತಿದ್ರೆ ಅದು ಯಾವಾಗ ಕೂಗ್ಬೇಕು?”

ಬಾಯಿ ಮುಚ್ಚಿಕೊಂಡು ಕಲ್ಲಿನ ನುಣುಪಾದ ಪಕ್ಕಕ್ಕೆ ಒರಗಿ ಕೂತೆ. ಬಿಸಿಲೇರುವವರೆಗೂ ಕೂತಿದ್ದೆವು.