ನೆಟ್ಟಗೆ ತಿರುಗಿದ ಏಳು ಬುಗುರಿ

ಚನ್ನಪಟ್ಟಣದ ಆ ಪುಟ್ಟ ಕಲಾಕೇಂದ್ರಕ್ಕೆ ಯಾರೇ ಬರಲಿ, ಮಕ್ಬೂಲ್ ಮೇಷ್ಟ್ರು ಮರ ಕಡೆಯುವ ಲೇತು, ಬಣ್ಣದ ಅರಗು, ಹಾಲೆಮರದ ತುಂಡು ಎಲ್ಲವನ್ನೂ ತಾವೇ ನಿಂತು ತೋರಿಸುತ್ತಾರೆ. ಬಾಗಿಲ ಪಕ್ಕದ ಗಾಜಿನ ಬೀರು ಬಂದಾಗ ಮಾತ್ರ ಅವರಿಗೆ ಎಲ್ಲಿಲ್ಲದ ಕೆಮ್ಮು. ಬಂದವರೇ ಓದಿಕೊಳ್ಳಬೇಕು: ‘ಮೊದಲ ಏಳು ವಿದ್ಯಾರ್ಥಿಗಳ ಮೊದಲ ಕೆಲಸ’. ಒಳಗೆ ಏಳು ಬುಗುರಿ, ಒಂದೊಂದರ ಮುಂದೆ ಒಂದೊಂದು ಹೆಸರಿನ ಚೀಟಿ.

ಆ ಕೆಮ್ಮಿಗೆ ಈಗ ಇಪ್ಪತ್ತೆರಡು ವರ್ಷ.

ಆಗ ಇದು ಬಾಗಿಲು ಮುಚ್ಚಿದ್ದ ರೇಷ್ಮೆ ನೂಲಿನ ಶೆಡ್ಡು. ಯಜಮಾನರಾದ ತಿಮ್ಮಯ್ಯನವರು, “ಮೂರು ತಿಂಗಳು ಕಲಿಸಿ ನೋಡು ಮಕ್ಬೂಲು. ನಿನ್ನ ಮಕ್ಕಳ ಕೆಲಸ ಚೆನ್ನಾಗಿದ್ರೆ ಶೆಡ್ಡು ನಿಂದೇಯ. ಇಲ್ದಿದ್ರೆ ಗೂಡಿನ ಯಾಪಾರಿಗೆ ಕೊಟ್ಬುಡ್ತೀನಿ,” ಎಂದಿದ್ದರು.

ಮೂರು ತಿಂಗಳಲ್ಲಿ ಕೈ ಎಷ್ಟು ತಾನೇ ಪಳಗೀತು? ಬುಗುರಿಯ ಮೊನೆ ಕೂದಲೆಳೆಯಷ್ಟು ಸರಿದರೂ ಅದು ತೂರಾಡುತ್ತದೆ. ಏಳಕ್ಕೆ ಏಳೂ ತೂರಾಡಿದವು. ತಿಮ್ಮಯ್ಯನವರು ಬರುವ ಹಿಂದಿನ ಮಧ್ಯಾಹ್ನ ಮೇಷ್ಟ್ರು ಎಲ್ಲರನ್ನೂ ಬೇಗ ಮನೆಗೆ ಕಳಿಸಿ, ತಾವೇ ಲೇತಿನ ಮುಂದೆ ಕೂತು ಏಳು ಬುಗುರಿ ಕಡೆದು, ಅವುಗಳ ಮುಂದೆ ಮಕ್ಕಳ ಹೆಸರಿನ ಚೀಟಿ ಇಟ್ಟರು. ಮಕ್ಕಳು ಮಾಡಿದ್ದ ಏಳನ್ನೂ ಒಲೆಗೆ ಹಾಕಿದರು. ಅರಗು ಮೆತ್ತಿದ ಮರ ಚೆನ್ನಾಗಿಯೇ ಉರಿಯಿತು. ಆ ಉರಿಯಲ್ಲಿ ಚಹಾ ಕಾಯಿಸಿಕೊಂಡು ಕುಡಿದದ್ದು ನೆನಪಾದರೆ ಇವತ್ತಿಗೂ ಅವರ ಬಾಯಿ ಕಹಿಯಾಗುತ್ತದೆ.

ಮಾರನೆಯ ದಿನ ತಿಮ್ಮಯ್ಯನವರು ಒಂದು ಬುಗುರಿ ತಿರುಗಿಸಿ ನೋಡಿ, ಬೀಗದ ಕೈ ಕೊಟ್ಟೇ ಹೋದರು. ಬುಗುರಿ ಬದಲಾದದ್ದು ಗೊತ್ತಾದರೂ ಆರು ಜನ ಆ ಸಂಭ್ರಮದಲ್ಲಿ ಸುಮ್ಮನಾದರು. ಸಾತನೂರಿನ ಕಡೆಯ ಮುನಿಯಮ್ಮ ಮಾತ್ರ ತನ್ನ ಹೆಸರಿನ ಬುಗುರಿಯನ್ನು ಎರಡು ಸಲ ತಿರುವಿ ನೋಡಿ, ಇದ್ದಲ್ಲೇ ಇಟ್ಟು, ಹಿತ್ತಿಲ ಬಾಗಿಲಿಂದ ಹೋದಳು. ಮತ್ತೆ ಬರಲಿಲ್ಲ. ಕೇಳಿದವರಿಗೆಲ್ಲ ಮೇಷ್ಟ್ರು, ಮದುವೆ ಗೊತ್ತಾಯಿತಂತೆ ಎಂದುಬಿಟ್ಟರು. ಸಾತನೂರಿಗೆ ಬೇಕಾದಷ್ಟು ಬಸ್ಸುಗಳಿವೆ. ಮಹಾನುಭಾವರು ಒಂದನ್ನೂ ಹತ್ತಲಿಲ್ಲ.

ಆಮೇಲೆ ಕೇಂದ್ರ ಬೆಳೆಯಿತು, ಹೆಸರೂ ಬಂತು. ಆದರೆ ಪ್ರತಿ ವರ್ಷ ಯಾರಾದರೊಬ್ಬರು ಆ ಬೀರುವಿನ ಮುಂದೆ ನಿಂತು, ತಮ್ಮ ಕೈಲಿದ್ದ ಸೊಟ್ಟ ಬುಗುರಿ ನೋಡಿಕೊಂಡು, ಕಲಿಯುವುದನ್ನೇ ಬಿಡುತ್ತಿದ್ದರು. ಅದನ್ನು ಕಂಡೂ ಮೇಷ್ಟ್ರು ಕೆಮ್ಮುತ್ತಿದ್ದರು.

ಈ ವರ್ಷ ಸೇರಿದವಳು ಮುನಿಯಮ್ಮನ ಮಗಳು ನವ್ಯಶ್ರೀ. ಮೊನ್ನೆ ತನ್ನ ಮೊದಲ ಬುಗುರಿಯನ್ನು ಮೇಜಿನ ಮೇಲಿಟ್ಟು, “ಸೋಮವಾರದಿಂದ ಹಾರೋಹಳ್ಳಿ ಫ್ಯಾಕ್ಟ್ರಿಗೆ ಹೋಯ್ತೀನಿ ಮೇಷ್ಟ್ರೆ. ಇದು ನನ್ನ ಕೈಲಾಗಲ್ಲ,” ಎಂದಳು.

“ಮೊದಲ್ನೇದು ಎಲ್ಲರ್ದೂ ಹಿಂಗೇ ಕಣಮ್ಮ.”

“ಅವ್ವಂದು ನೋಡಿ, ಎಷ್ಟು ನೆಟ್ಟಗೈತೆ! ನಂದೂ ಸೊಟ್ಟಗೇ ಇತ್ತು ಕಣೆ ಅಂತಾಳೆ ಅವ್ವ. ನನ್ನ ಸಮಾಧಾನಕ್ಕೆ ಸುಳ್ಳು ಹೇಳ್ತಾಳೆ.”

ಮೇಷ್ಟ್ರಿಗೆ ಕೆಮ್ಮು ಬರಲಿಲ್ಲ. ಸುಳ್ಳು ತಮ್ಮದು, ಸುಳ್ಳುಗಾತಿ ಎನಿಸಿಕೊಂಡವಳು ಆ ತಾಯಿ. ಅದೂ ಹೆತ್ತ ಮಗಳ ಬಾಯಲ್ಲಿ. ಕುರ್ಚಿ ಎಳೆದು ಕೂತು, ಬೀರುವಿನ ಏಳೂ ಬುಗುರಿ ಕಡೆದವರು ತಾವೇ ಎಂದು ಹೇಳಿದರು. ಒಲೆಯ ವಿಷಯ ಮಾತ್ರ ಬಾಯಿಗೆ ಬರಲಿಲ್ಲ.

ನವ್ಯಶ್ರೀ ಮನೆಗೆ ಫೋನು ಮಾಡಿದಳು. “ಅವ್ವಾ, ನೀನು ಹೇಳಿದ್ದೇ ನಿಜ ಕಣವ್ವ,” ಎಂದವಳೇ ಫೋನನ್ನು ಮೇಷ್ಟ್ರ ಕೈಗಿಟ್ಟಳು.

“ಮುನಿಯಮ್ಮ, ತಪ್ಪಾಯ್ತು ಕಣಮ್ಮ,” ಎಂದರು ಮೇಷ್ಟ್ರು.

“ಅದು ನಂದಲ್ಲ ಅಂತ ಅವತ್ತೇ ಗೊತ್ತಾಯ್ತು ಮೇಷ್ಟ್ರೆ. ಸೊಟ್ಟಗಿದ್ರೂ ನಂದು ನಂಗೆ ಬೇಕಾಗಿತ್ತು. ಹಿತ್ತಿಲ ಕಸದ ಗುಡ್ಡೇಲೆಲ್ಲ ಹುಡುಕ್ದೆ. ಎಲ್ಲಿಟ್ಟಿದ್ರಿ ಅದ್ನ?”

ಮೇಷ್ಟ್ರು ಒಲೆಯಿದ್ದ ಮೂಲೆಯ ಕಡೆ ನೋಡಿದರು. “ಉರಿಗೆ ಹಾಕ್ಬುಟ್ಟೆ ಕಣಮ್ಮ.”



“ನನ್ನ ಮಗಳ್ದನ್ನಾದ್ರೂ ಹಾಕ್ಬೇಡಿ,” ಎಂದು ಮುನಿಯಮ್ಮ ಫೋನಿಟ್ಟಳು.