ಕಂಪ್ಯೂಟರಿನೊಳಗೆ ಕಟ್ಟೆ ಕಟ್ಟಿದ್ದು

ನನಗಾಗ ಅರವತ್ತೆಂಟು ವರ್ಷ. ಇದು ನಾಲ್ಕು ವರ್ಷದ ಹಿಂದಿನ ಮಾತು. ಮುದುಕಿ ಕಂಪ್ಯೂಟರ್ ಕಲಿತಳು ಎಂದು ಊರಲ್ಲಿ ಇನ್ನೂ ಹೇಳುತ್ತಾರೆ. ಕಲಿಯುವ ಹುಚ್ಚು ನನಗೆ ಇರಲಿಲ್ಲ. ನನಗೆ ಕಟ್ಟೆ ಬೇಕಾಗಿತ್ತು.

ತುಕ್ಕಾನಟ್ಟಿಯ ನಮ್ಮ ಹಳೇ ಮಣ್ಣಿನ ಮನೆಯನ್ನು ಕೆಡವಿಯಾಗಿತ್ತು. ಹೊಸದು ಏಳುವ ತನಕ ಹಿತ್ತಲಲ್ಲಿ ಎಮ್ಮೆಯ ಬಾಜೂ ತಗಡಿನ ಶೆಡ್ಡು ಹಾಕಿಕೊಂಡಿದ್ದೆವು. ಸೊಸೆ ಗೋಕಾಕಿನಲ್ಲಿ ಕ್ಲಾಸಿಗೆ ಹೋಗಿ ಕಂಪ್ಯೂಟರಿನಲ್ಲಿ ಮನೆಯ ನಕ್ಷೆ ತೆಗೆಯುವುದನ್ನು ಕಲಿತು, ಮೂಡಲಗಿಯಲ್ಲಿ ಒಬ್ಬ ಇಂಜಿನಿಯರ್ ಹತ್ತಿರ ಕೆಲಸಕ್ಕಿದ್ದಳು. ಊರ ಮಂದಿಯ ಮನೆ ತೆಗೆಯುವವಳು ನಮ್ಮ ಮನೆ ಬಿಟ್ಟಾಳೆಯೇ? ಒಂದು ರವಿವಾರ ಲ್ಯಾಪ್‌ಟಾಪನ್ನು ಕಾಳಿನ ಡಬ್ಬಿಯ ಮೇಲಿಟ್ಟು ತೋರಿಸಿದಳು. ಬರೀ ಗೆರೆ ಅಲ್ಲ. ಗೋಡೆ, ಕಿಟಕಿ, ಮೆಟ್ಟಿಲು ಎಲ್ಲ ಎದ್ದು ನಿಂತಿದ್ದವು. ಮಗ ಬಾಯಿ ತೆರೆದುಕೊಂಡು ನೋಡಿದ. ಹೆಂಡತಿ ಏನು ತೋರಿಸಿದರೂ ಅವನು ಹಾಗೆಯೇ ನೋಡುತ್ತಾನೆ.

"ಕಟ್ಟಿ ಎಲ್ಲೈತಿ?" ಎಂದೆ.

"ಅಲ್ಲಿ ಗಾಡಿ ನಿಲ್ಲಸಾಕ ಜಾಗಾ ಬಿಟ್ಟೇನ್ರಿ ಅತ್ತಿ."

"ನಾ ಎಲ್ಲಿ ಕುಂಡ್ರಲಿ? ಗಾಡಿ ಮ್ಯಾಲೇನು?"

"ಒಳಗ ಸೋಫಾ ಬರತೈತ್ರಿ."

"ಸೋಫಾದಾಗ ಕುಂತ್ರ, ಓಣ್ಯಾಗ ಯಾರು ಹೊಂಟಾರ ಅಂತ ಗೋಡಿ ಹೇಳತೈತೇನು?"

ಬಾಗಿಲ ಬಾಜೂ ಕಟ್ಟೆಯಿಲ್ಲದ ಮನೆ ನನ್ನ ಲೆಕ್ಕದಲ್ಲಿ ಗೋದಾಮು. ಕಾಳು ಹಸನು ಮಾಡುವುದು, ಬಳೆ ಮಾರುವವಳ ಕೂಡ ಚೌಕಾಶಿ, ಯಾರ ಸೊಸೆ ತವರಿಗೆ ಹೋದಳು, ಯಾಕೆ ಹೋದಳು, ಎಲ್ಲ ಕಟ್ಟೆಯ ಮೇಲೆಯೇ ಆಗಬೇಕು. ನಾನು ಮಗನ ಮುಖ ನೋಡಿದೆ. ಅವನು ಎಮ್ಮೆಯ ಮುಖ ನೋಡಿದ.

ಸೊಸೆ ಸಿಟ್ಟಾಗಲಿಲ್ಲ. "ನನಗ ಜಾಗಾ ಸಿಗಲಿಲ್ರಿ. ನಿಮಗ ಸಿಕ್ಕರ ನೀವ ತಗೀರಿ. ಮೇಸ್ತ್ರಿ ಬರೂದ್ರಾಗ ಕಟ್ಟಿ ನಿಂತು, ಗಾಡೀನೂ ಒಳಗ ಬಂತಂದ್ರ ನಾ ಅಳಸೂದಿಲ್ಲ. ಇಲ್ಲಾಂದ್ರ ಸೋಫಾ."

"ನನಗ ಅಕ್ಷರಾನ ನೆಟ್ಟಗ ಬರೂದಿಲ್ಲ."

"ಇದಕ್ಕ ಅಕ್ಷರ ಬ್ಯಾಡ್ರಿ. ಮೌಸ್ ಹಿಡದು ಎಳಿಯೂದು ಅಷ್ಟ."

ಮರುದಿನ ಅವಳು ಕೆಲಸದಿಂದ ಬಂದ ಮೇಲೆ ಪಾಠ ಶುರುವಾಯಿತು. ಅವಳು ಏನೋ ಒತ್ತಿದಳು. ಪರದೆಯೊಳಗಿನ ಮನೆ ಗಿರಕ್ಕನೆ ಹೊರಳಿ ಬಾಗಿಲು ದಕ್ಷಿಣಕ್ಕೆ ಮುಖ ಮಾಡಿತು. ನಾನು ಅವಳ ಕೈ ಹಿಡಿದೆ.

"ಏ, ಬಾಗಲಾ ದಕ್ಷಿಣಕ್ಕ ಮಾಡಬ್ಯಾಡ! ಇನ್ನೂ ಪಾಯಾ ತಗದಿಲ್ಲ, ಈಗ ಅಪಶಕುನ ಮಾಡತೀ?"

"ಮನಿ ತಿರುಗಿಲ್ರಿ ಅತ್ತಿ. ನಾವು ಅದರ ಸುತ್ತ ತಿರುಗೇವಿ."

"ನಾ ಇಲ್ಲೇ ಕುಂತೇನಿ. ಎಲ್ಲಿ ತಿರುಗೇನಿ?"

ಅವಳು ಹಣೆ ಚಚ್ಚಿಕೊಂಡಳು. ನಮ್ಮ ಬಾಗಿಲು ಪೂರ್ವಕ್ಕೆ. ಪರದೆಯಲ್ಲಿಯೂ ಪೂರ್ವಕ್ಕೇ ಇರಬೇಕು ಎಂದು ನಾನು ಹಟ ಹಿಡಿದೆ. ಬಾಗಿಲು ನಮ್ಮನ್ನು ನೋಡುತ್ತಿದ್ದುದರಿಂದ ನಾವು ಪಶ್ಚಿಮಕ್ಕೆ ಮುಖ ಮಾಡಿ ಕೂರಬೇಕಾಯಿತು. ಪಶ್ಚಿಮಕ್ಕೆ ಎಮ್ಮೆಯ ಹಿಂಭಾಗ ಇತ್ತು. ಅದನ್ನೇ ನೋಡುತ್ತ ಕಲಿತೆ.

ನೆಲದ ಮೇಲೆ ಒಂದು ಚೌಕ ಎಳೆಯಬೇಕು. ಅದನ್ನು ಹಿಡಿದು ಮೇಲಕ್ಕೆ ಎತ್ತಿದರೆ ಗಟ್ಟಿ ವಸ್ತುವಾಗಿ ಏಳುತ್ತದೆ. ಅದಕ್ಕೇನೋ ಇಂಗ್ಲಿಷ್ ಹೆಸರಿದೆ. ನಾನು ಎತ್ತುವುದು ಎಂದೇ ಕರೆದೆ. ರೊಟ್ಟಿ ಬಡಿದ ಕೈ ಹಗುರ ಹಿಡಿಯುವುದನ್ನು ಕೇಳಲಿಲ್ಲ. ಮೊದಲ ಕಟ್ಟೆ ಮಾಳಿಗೆ ದಾಟಿ ನೀರಿನ ಟಾಕಿಯಷ್ಟು ಎದ್ದಿತು. ಎರಡನೆಯದು ನೆಲದೊಳಗೆ ಇಳಿದು ಬಾವಿಯಾಯಿತು.

"ಬಾವೀನೂ ಇರ್ಲಿ ಬಿಡ್ರಿ, ನೀರಿಗೆ ಅನುಕೂಲ," ಎಂದಳು ಸೊಸೆ. ಅವಳ ನಾಲಿಗೆಯೂ ಕಡಿಮೆಯದಲ್ಲ.

ಒಂದು ಸಂಜೆ ಕಟ್ಟೆ ಸರಿಯಾಗಿ ನಿಂತಿತು. ಬಾಗಿಲ ಎಡಕ್ಕೆ, ಮೊಣಕಾಲೆತ್ತರ, ನಾಲ್ಕು ಮಂದಿ ಕೂರುವಷ್ಟು. ಮಗನನ್ನು ಕರೆದು ತೋರಿಸಿದೆ. ಈ ಸಲ ನನ್ನದಕ್ಕೂ ಬಾಯಿ ತೆರೆದ.

"ಒಮ್ಮಿ ಬಾಜೂದಿಂದ ನೋಡೂಣ್ರಿ," ಎಂದಳು ಸೊಸೆ.

"ತಿರುಗಸಬ್ಯಾಡ ಅಂದೇನಿ."

"ಹಂಗಾರ ಮನಿ ತಿರುಗಿದಷ್ಟು ಲ್ಯಾಪ್‌ಟಾಪೂ ತಿರುಗಸೂಣ್ರಿ. ಬಾಗಲಾ ಪೂರ್ವ ಬಿಡೂದಿಲ್ಲ."

ಇದು ನನಗೆ ಒಪ್ಪಿಗೆಯಾಯಿತು. ಡಬ್ಬಿಯನ್ನು ಹೊರಳಿಸಿ, ಇಬ್ಬರೂ ಕುಂಡೆ ಎಳೆದುಕೊಂಡು ಆ ಕಡೆ ಸರಿದೆವು. ನೋಡಿದರೆ, ಕಟ್ಟೆ ಮನೆಯ ಹತ್ತಿರವೇ ಇಲ್ಲ. ಓಣಿಯ ನಡುಮಧ್ಯೆ, ನೆಲ ಬಿಟ್ಟು ಗಾಳಿಯಲ್ಲಿ ತೇಲುತ್ತಿತ್ತು. ಎದುರಿನಿಂದ ಗೋಡೆಗೆ ಅಂಟಿದಂತೆ ಕಂಡದ್ದು ಬರೀ ಕಣ್ಣಿನ ಮೋಸ.

"ಅತ್ತಿ, ಇದನ್ನ ಹತ್ತಾಕ ಏಣಿ ಬೇಕ್ರಿ. ಕೆಳಗಿಂದ ಟ್ರ್ಯಾಕ್ಟರ್ ಹೋಗತೈತಿ ನೋಡ್ರಿ."

ಅಂದಿನಿಂದ ಕಟ್ಟೆಯನ್ನು ಒಂದಿಷ್ಟು ಸರಿಸಿದರೂ ನಾಲ್ಕೂ ಕಡೆಯಿಂದ ನೋಡುವುದಾಯಿತು. ಸಂಜೆಯೆಲ್ಲ ಡಬ್ಬಿಯ ಸುತ್ತ ಕಣದ ಎತ್ತಿನಂತೆ ಸುತ್ತಿದೆವು. ಚಾರ್ಜರಿನ ವಾಯರು ನನ್ನ ಕಾಲಿಗೆ ಸುತ್ತಿಕೊಂಡಿತು. ಹೆಪ್ಪಿಗೆ ಮೊಸರು ಕೇಳಲು ಬಂದ ನೆರೆಮನೆಯಾಕೆ ನಿಂತೇಬಿಟ್ಟಳು.

"ಯಾವ ದೇವ್ರ ಪೂಜಾ ಇದು, ಅತ್ತಿ ಸೊಸಿ ಕೂಡಿ?"

"ಮನಿ ಕಟ್ಟಾಕತ್ತೇವಿ," ಎಂದೆ.

ಆಕೆ ಹೆಪ್ಪು ಮರೆತು ಹೋದಳು. ಓಣಿಗೆ ಸುದ್ದಿ ಮುಟ್ಟಿಸುವ ಅವಸರ.

"ಇನ್ನ ಮ್ಯಾಲಿಂದ ನೋಡಬೇಕ್ರಿ," ಎಂದಳು ಸೊಸೆ. "ತಗಡಿನ ಮ್ಯಾಲ ಹತ್ತೂಣೇನು?" ಮೇಲಿಂದ ನೋಡಿದರೆ ದಿಕ್ಕು ಕೆಡುವುದಿಲ್ಲ ಎಂದು ನಾನೇ ತೀರ್ಪು ಕೊಟ್ಟೆ. ನನ್ನ ಮೊಣಕಾಲು ನೋಯುತ್ತಿತ್ತು.

ಮೇಸ್ತ್ರಿ ನಾಳೆ ಬರುತ್ತಾನೆ ಎನ್ನುವಾಗ ಕಟ್ಟೆ ನೆಲಕ್ಕೂ ಗೋಡೆಗೂ ಕೂಡಿತು. ಸೊಸೆ ಎಲ್ಲಿಂದಲೋ ಒಂದು ಮೋಟರ್‌ಸೈಕಲ್ ತಂದು ಪರದೆಯಲ್ಲಿಟ್ಟು ಒಳಗೆ ನೂಕಿದಳು. ಸರ್ರನೆ ಹೋಯಿತು.

"ಬಂತಲ್ಲ ಗಾಡಿ!" ಎಂದೆ.

"ಬಂತ್ರಿ, ಕಟ್ಟೀ ಹೊಟ್ಟಿಯೊಳಗಿಂದ."

ಖರೆ. ಕಂಪ್ಯೂಟರಿನಲ್ಲಿ ಯಾವುದೂ ಯಾವುದಕ್ಕೂ ಬಡಿಯುವುದಿಲ್ಲವಂತೆ; ನಾವೇ ನೋಡಿಕೊಳ್ಳಬೇಕಂತೆ. ಕಟ್ಟೆಯನ್ನು ಕಡಿಮೆ ಮಾಡದೆ ದಾರಿ ಇರಲಿಲ್ಲ.

"ಒಬ್ಬರು ಕುಂಡ್ರೂವಷ್ಟು ಉಳಸ್ರಿ ಸಾಕು."

"ಒಬ್ಬಾಕಿನ ಕುಂತು ಯಾರ ಸುದ್ದಿ ಯಾರಿಗೆ ಹೇಳಲಿ? ಗಾಡಿಗೇನು?"

ಅಂಚು ಹಿಡಿದು ನಾನೇ ಒಳಗೆ ದೂಡಿದೆ. ನಾಲ್ಕು ಮಂದಿಯದು ಮೂರಾಯಿತು, ಮೂರು ಎರಡಾಯಿತು. ಆಗ ಗಾಡಿಯ ಹ್ಯಾಂಡಲ್ ಕೂದಲೆಳೆಯಷ್ಟರಲ್ಲಿ ಪಾರಾಯಿತು. ಸೊಸೆ ಸುತ್ತ ಸರಿದು ಎಲ್ಲ ಕಡೆಯಿಂದ ನೋಡಿದಳು. ಅಳಿಸಲಿಲ್ಲ.

ಮರುದಿನ ಬೆಳಿಗ್ಗೆ ಹುಕ್ಕೇರಿಯಿಂದ ಮೇಸ್ತ್ರಿ ಬಂದು ಅದನ್ನು ಮೊಬೈಲಿನಲ್ಲಿ ನೋಡಿದ. "ಈ ಕಟ್ಟಿ ಯಾರು ತಗದಾರ್ರಿ ಆಯಿ? ಒಂಚೂರು ವಾರಿ ಐತಿ."

"ನಾ ತಗದೇನಿ. ಸೀದಾ ಮಾಡೂದು ನಿನ್ನ ಕೆಲಸ."

ಅವನು ಕಟ್ಟೆಯ ಅಳತೆಗೆ ಗೂಟ ಹೊಡೆದು ದಾರ ಕಟ್ಟಿದ. ನಾನು ದಾರದೊಳಗೆ ಗೋಣಿಚೀಲ ಹಾಸಿ ಕುಳಿತೆ. ಕಬ್ಬಿನ ಕಸ ತೆಗೆಯಲು ಹೊರಟಿದ್ದವರಲ್ಲಿ ಎಲ್ಲರಿಗಿಂತ ದಪ್ಪನಾಕೆಯನ್ನು ಕೂಗಿ ಕರೆದು ಬಾಜೂ ಕೂರಿಸಿಕೊಂಡೆ. ದಾರದೊಳಗೆ ಇಬ್ಬರೂ ಹಿಡಿದೆವು.